ಹಾವಲ್ಲ, ಬಜೆಟ್ಟು: ‘ಕೋಬ್ರಾ’ ಕಾನೂನಿನ ಪ್ರಕರಣ

ನ್ಯೂಜೆರ್ಸಿಯಲ್ಲಿರುವ ನನ್ನ ಗೆಳೆಯನಿಗೆ ಕೆಲಸ ಹೋದದ್ದು ಒಂದು ಜನವರಿ 31ಕ್ಕೆ. ವಿಮೆಯೂ ಅವತ್ತೇ ಮುಗಿಯಿತು. ಹದಿನೈದು ದಿನ ಕಳೆದ ಮೇಲೆ ಮನೆಗೆ ಒಂದು ದಪ್ಪ ಲಕೋಟೆ ಬಂತು. ಮೊದಲ ಹಾಳೆಯ ನೆತ್ತಿಯ ಮೇಲೆ ದೊಡ್ಡಕ್ಷರದಲ್ಲಿ ‘ಕೋಬ್ರಾ’ ಅಂತ ಅಚ್ಚಾಗಿತ್ತು. ಮೊಮ್ಮಗಳ ಜೊತೆ ನಾಲ್ಕು ತಿಂಗಳು ಇದ್ದು ಹೋಗಲು ಮೈಸೂರಿನಿಂದ ಬಂದಿದ್ದ ಅವನ ಅಮ್ಮ ಅದನ್ನು ತಿರುಗಿಸಿ ನೋಡಿದರು.

“ಇದೇನೋ, ಹಾವಿನ ಹೆಸರಲ್ಲಿ ಕಾಗದ ಕಳಿಸ್ತಾರೆ?”

“ಹಾವಲ್ಲಮ್ಮ, ಇನ್ಶೂರೆನ್ಸು. ಕೆಲಸ ಹೋದ್ಮೇಲೂ ಹಳೇ ಕಂಪನಿ ವಿಮೆನೇ ಇಟ್ಕೋಬಹುದು. ದುಡ್ಡು ನಾವೇ ಕೊಡಬೇಕು.”

“ಎಷ್ಟು?”

ಅವನು ಎರಡನೇ ಹಾಳೆ ತೋರಿಸಿದ. ಮೂವರಿಗೆ ತಿಂಗಳಿಗೆ 1,980 ಡಾಲರ್. ಅಮ್ಮ ಮನಸ್ಸಿನಲ್ಲೇ ರೂಪಾಯಿ ಲೆಕ್ಕ ಹಾಕಿ, “ಹಾಗಾದ್ರೆ ಹಾವೇ ಬಿಡು” ಅಂದರಂತೆ.

ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ಎಲ್ಲರ ಬಾಯಲ್ಲೂ ಈ ಪದ ಓಡಾಡುತ್ತದೆ. “ಕೋಬ್ರಾ ತಗೊಂಡ್ಯಾ?” “ಇಲ್ಲಪ್ಪ, ಇನ್ನೂ ಕಾಯ್ತಿದೀನಿ.” ಆದರೆ ಆ ಹೆಸರು ಬಿಡಿಸಿ ಹೇಳಿ ಅಂದರೆ ಹತ್ತರಲ್ಲಿ ಒಂಬತ್ತು ಜನ ತಡವರಿಸುತ್ತಾರೆ. ಬಿಡಿಸಿದರೆ ಅದು ‘ಕನ್ಸಾಲಿಡೇಟೆಡ್ ಆಮ್ನಿಬಸ್ ಬಜೆಟ್ ರಿಕನ್ಸಿಲಿಯೇಷನ್ ಆಕ್ಟ್’, 1985. ಈ ಉದ್ದನೆಯ ಹೆಸರಿನಲ್ಲಿ ವಿಮೆ ಇಲ್ಲ, ಕೆಲಸ ಇಲ್ಲ, ಆರೋಗ್ಯವೂ ಇಲ್ಲ. ಇರುವುದು ಬಜೆಟ್ ಮಾತ್ರ. ಕೇಂದ್ರ ಸರ್ಕಾರದ ಕೊರತೆ ತಗ್ಗಿಸಲು ಮಾಡಿದ ಒಂದು ಕಾನೂನು, ನಲವತ್ತು ವರ್ಷದ ನಂತರವೂ ಮನೆಮನೆಗೆ ವಿಮೆಯ ಕಾಗದವಾಗಿ ಬರುತ್ತಿದೆ. ಇದು ಹೇಗಾಯಿತು ಅನ್ನುವುದೇ ಈ ಬರಹದ ವಿಷಯ.

ಕೊನೇ ಬಸ್ಸು

ಮೊದಲು ಆ ದಿನಗಳು ಹೇಗಿದ್ದವು ನೋಡೋಣ. 1985ರಲ್ಲಿ ಅಮೆರಿಕದ ಅಧ್ಯಕ್ಷರು ರೊನಾಲ್ಡ್ ರೇಗನ್. ಸೆನೆಟ್ ಅವರದೇ ರಿಪಬ್ಲಿಕನ್ ಪಕ್ಷದ ಕೈಯಲ್ಲಿತ್ತು, ಕೆಳಮನೆ ಡೆಮಾಕ್ರಾಟರ ಕೈಯಲ್ಲಿತ್ತು. ಆ ವರ್ಷದ ಬಜೆಟ್ ಕೊರತೆ 200 ಶತಕೋಟಿ ಡಾಲರ್ ದಾಟಿತ್ತು. ಖರ್ಚು ಕಡಿಮೆ ಮಾಡಿ ಅಂತ ಎಲ್ಲ ಕಡೆಯಿಂದಲೂ ಕೂಗು.

ಅಲ್ಲಿ ಕಾನೂನು ಪಾಸು ಮಾಡಿಸುವುದು ಸುಲಭವಲ್ಲ. ಸೆನೆಟ್‌ನಲ್ಲಿ ಯಾರು ಬೇಕಾದರೂ ಮಾತು ಎಳೆದೆಳೆದು ಮಸೂದೆಯನ್ನು ಕೊಲ್ಲಬಹುದು. ಅದನ್ನು ತಡೆಯಲು ನೂರರಲ್ಲಿ ಅರುವತ್ತು ಮತ ಬೇಕು. ಇದಕ್ಕೆ ಒಂದೇ ದೊಡ್ಡ ವಿನಾಯಿತಿ ‘ರಿಕನ್ಸಿಲಿಯೇಷನ್’. 1974ರ ಬಜೆಟ್ ಕಾನೂನು ತಂದ ದಾರಿ ಇದು. ಲೆಕ್ಕ ಹೊಂದಿಸುವುದು ಅಂತ ಅರ್ಥ. ಈ ದಾರಿಯಲ್ಲಿ ಬಂದ ಮಸೂದೆಗೆ ಸೆನೆಟ್‌ನಲ್ಲಿ ಇಪ್ಪತ್ತೇ ಗಂಟೆ ಚರ್ಚೆ. ಆಮೇಲೆ ಮತ ಹಾಕಲೇಬೇಕು. ಸರಳ ಬಹುಮತ ಸಾಕು.

ಕೆಲಸ ನಡೆಯುವ ರೀತಿ ಹೀಗೆ. ಕೃಷಿ ಸಮಿತಿ, ತೆರಿಗೆ ಸಮಿತಿ, ಶಿಕ್ಷಣ ಸಮಿತಿ, ಹೀಗೆ ಒಂದೊಂದಕ್ಕೂ “ನಿಮ್ಮ ಪಾಲಿಗೆ ಇಷ್ಟು ಉಳಿಸಿ” ಅಂತ ಗುರಿ ಕೊಡುತ್ತಾರೆ. ಅವರವರು ತಮ್ಮ ಗಂಟು ಕಟ್ಟಿ ಬಜೆಟ್ ಸಮಿತಿಗೆ ಕಳಿಸುತ್ತಾರೆ. ಬಜೆಟ್ ಸಮಿತಿ ಎಲ್ಲ ಗಂಟುಗಳನ್ನೂ ಒಂದೇ ಹಗ್ಗದಲ್ಲಿ ಬಿಗಿಯುತ್ತದೆ. ‘ಆಮ್ನಿಬಸ್’ ಅನ್ನುವುದು ಅದಕ್ಕೇ. ಬಜೆಟ್ ಮಸೂದೆಯೊಂದು ಇಷ್ಟೊಂದು ಇಲಾಖೆಗಳ ಮೇಲೆ ಕೈ ಹಾಕುವುದು ಯಾರದೋ ಹುಚ್ಚಿನಿಂದಲ್ಲ, ಹೊಲಿಗೆಯೇ ಹಾಗಿದೆ.

ನಮ್ಮ ಊರಿಗೆ ಹೋಗುವ ಕೊನೇ ಬಸ್ಸು ನೆನಪಿಸಿಕೊಳ್ಳಿ. ಅದು ತಪ್ಪಿದರೆ ನಾಳೆಯವರೆಗೆ ಗತಿಯಿಲ್ಲ. ಹಾಗಾಗಿ ಒಳಗೆ ಜನ, ಮೇಲೆ ಬಾಳೆಗೊನೆ, ಸೈಕಲ್, ಕೋಳಿ ಬುಟ್ಟಿ, ಯಾರದೋ ಮಂಚ. ಕೋಬ್ರಾ ಅಂಥ ಬಸ್ಸು. ಅದರೊಳಗೆ ಕೃಷಿ ಇತ್ತು, ವಸತಿ ಇತ್ತು, ರೈಲು-ರಸ್ತೆ ಇತ್ತು. ವಿದ್ಯಾರ್ಥಿ ಸಾಲ, ಮಾಜಿ ಸೈನಿಕರ ಆಸ್ಪತ್ರೆ, ಸಮುದ್ರದಾಳದ ತೈಲದ ಹಣದಲ್ಲಿ ರಾಜ್ಯಗಳ ಪಾಲು, ಕಂಪನಿ ಪಿಂಚಣಿಯ ಭದ್ರತೆ, ಮುದುಕರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಬಡವರದು ಮೆಡಿಕೇಡ್. ಸಿಗರೇಟು ಪ್ಯಾಕಿನ ಮೇಲೆ 1982ರಲ್ಲಿ ತಾತ್ಕಾಲಿಕ ಅಂತ ಎಂಟರಿಂದ 16 ಸೆಂಟಿಗೆ ಏರಿಸಿದ್ದ ತೆರಿಗೆ ಇದೇ ಬಸ್ಸಿನಲ್ಲಿ ಕಾಯಂ ಆಯಿತು. ತಾತ್ಕಾಲಿಕ ತೆರಿಗೆಯ ಹಣೆಬರಹ ಎಲ್ಲ ದೇಶದಲ್ಲೂ ಒಂದೇ ಅಲ್ವಾ.

ಬಸ್ಸು ಹೊರಟದ್ದೂ ತಡವಾಗಿಯೇ. ವಿಷದ ಕಸ ಬಿದ್ದ ಜಾಗಗಳನ್ನು ಶುಚಿ ಮಾಡುವ ‘ಸೂಪರ್‌ಫಂಡ್’ ನಿಧಿಗೆ ಯಾವ ತೆರಿಗೆಯಿಂದ ದುಡ್ಡು ತರಬೇಕು ಅನ್ನುವ ವಿಚಾರದಲ್ಲಿ ಎರಡು ಸದನಗಳು ಜಗ್ಗಾಡಿದವು. 1985ರ ಡಿಸೆಂಬರ್‌ನಲ್ಲಿ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. ಕೊನೆಗೆ ಆ ತೆರಿಗೆಯನ್ನು ಬಸ್ಸಿನಿಂದಲೇ ಇಳಿಸಿ ಬಸ್ಸು ಬಿಟ್ಟರು. ರೇಗನ್ ಸಹಿ ಹಾಕಿದ್ದು 1986ರ ಏಪ್ರಿಲ್ 7ಕ್ಕೆ. ಹೆಸರಿನಲ್ಲಿ ಮಾತ್ರ 1985 ಹಾಗೆಯೇ ಉಳಿಯಿತು.

ವಿಮೆಯ ಕಲಂ

ಈ ಬಸ್ಸಿನ ಮೇಲೆ ಕಟ್ಟಿದ್ದ ಒಂದು ಸಣ್ಣ ಗಂಟು ವಿಮೆ ಮುಂದುವರಿಸುವ ಕಲಂ. ಕ್ಯಾಲಿಫೋರ್ನಿಯಾದ ಸಂಸದ ಪೀಟ್ ಸ್ಟಾರ್ಕ್ ಇದರ ಹಿಂದಿದ್ದವರಲ್ಲಿ ಮುಖ್ಯರು. ಆಗ ಅವರು ಕೆಳಮನೆಯ ಆರೋಗ್ಯ ಉಪಸಮಿತಿಯ ಅಧ್ಯಕ್ಷರು.

ಅಮೆರಿಕದಲ್ಲಿ ವಿಮೆ ಬರುವುದು ಕೆಲಸದ ಜೊತೆ. 1982ರ ಕೊನೆಗೆ ನಿರುದ್ಯೋಗ ಶೇ. 10.8ಕ್ಕೆ ಹೋಗಿತ್ತು. ಕಾರ್ಖಾನೆ ಮುಚ್ಚಿದರೆ ಸಂಬಳದ ಜೊತೆ ಡಾಕ್ಟರೂ ಹೋದ ಹಾಗೆ. ಗಂಡನ ಕಂಪನಿಯ ವಿಮೆಯಲ್ಲಿದ್ದ ಹೆಂಗಸರ ಪಾಡು ಇನ್ನೂ ಕಷ್ಟ. ಗಂಡ ತೀರಿಕೊಂಡರೆ, ವಿಚ್ಛೇದನವಾದರೆ, ಮರುದಿನದಿಂದ ವಿಮೆ ಇಲ್ಲ. ಕೋಬ್ರಾ ಎಂದರೆ ಈಗ ಲೇಆಫ್ ಅಂತಲೇ ನೆನಪಾಗುತ್ತದೆ. ಆದರೆ ಕಾನೂನು ಬರೆದವರ ಕಣ್ಣ ಮುಂದೆ ಆ ವಿಧವೆಯರು, ಬೇರೆಯಾದ ಹೆಂಡತಿಯರು ಅಷ್ಟೇ ಇದ್ದರು.

ಕಾನೂನು ಹೇಳಿದ್ದು ಇಷ್ಟು. ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಂಪನಿಯ ಗುಂಪು ವಿಮೆಯಲ್ಲಿದ್ದವರು, ಕೆಲಸ ಹೋದರೆ ಅಥವಾ ತಾವೇ ಬಿಟ್ಟರೆ, 18 ತಿಂಗಳು ಅದೇ ವಿಮೆಯಲ್ಲಿ ಇರಬಹುದು. ಸಾವು, ವಿಚ್ಛೇದನ, ಮಕ್ಕಳ ವಯಸ್ಸು ಮೀರುವುದು, ಇಂಥ ಕಾರಣಕ್ಕೆ 36 ತಿಂಗಳು. ತೀರಾ ಕೆಟ್ಟ ನಡತೆಗಾಗಿ ಹೊರಹಾಕಿದ್ದರೆ ಮಾತ್ರ ಇಲ್ಲ. ಬೆಲೆ ಪೂರ್ತಿ ಪ್ರೀಮಿಯಂನ ಶೇ. 102. ನೂರು ವಿಮೆಗೆ, ಎರಡು ಲೆಕ್ಕಪತ್ರದ ಖರ್ಚಿಗೆ.

ಆ ಶೇ. 102 ಏನು ಮಾಡುತ್ತದೆ ಅನ್ನುವುದನ್ನು ಒಂದು ಸರಾಸರಿಯಿಂದ ನೋಡಬಹುದು. ಆರೋಗ್ಯ ನೀತಿಯ ಅಧ್ಯಯನ ಮಾಡುವ ಕೆಎಫ್‌ಎಫ್ ಸಂಸ್ಥೆಯ ಸಮೀಕ್ಷೆ ಪ್ರಕಾರ 2024ರಲ್ಲಿ ಕಂಪನಿ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ಪ್ರೀಮಿಯಂ ವರ್ಷಕ್ಕೆ 25,572 ಡಾಲರ್. ಅದರಲ್ಲಿ ನೌಕರನ ಪಾಲು 6,296. ಅಂದರೆ ಸಂಬಳದಿಂದ ತಿಂಗಳಿಗೆ ಸುಮಾರು 525 ಡಾಲರ್ ಕಟ್ ಆಗುತ್ತಿತ್ತು. ಕೆಲಸ ಹೋದ ತಿಂಗಳು ಅದೇ ವಿಮೆಗೆ ಸುಮಾರು 2,174. ಸಂಬಳ ಸೊನ್ನೆ, ಪ್ರೀಮಿಯಂ ನಾಲ್ಕು ಪಟ್ಟು. ಹಕ್ಕು ಕೊಟ್ಟಿದ್ದಾರೆ, ಇಲ್ಲ ಅನ್ನುವ ಹಾಗಿಲ್ಲ. ಆದರೆ ಅದನ್ನು ಕೊಳ್ಳುವ ತಾಕತ್ತು ಇರುವುದು ಕೆಲಸ ಇರುವವನಿಗೆ.

ಇದನ್ನು ಬೇಕಂತಲೇ ಕ್ರೂರವಾಗಿ ಮಾಡಿದರು ಅಂತ ನನಗನ್ನಿಸುವುದಿಲ್ಲ. ಆ ಬಸ್ಸಿಗೆ ಹತ್ತಲು ಬೇಕಾದ ಟಿಕೆಟ್ ಅದೇ ಆಗಿತ್ತು. ಕೊರತೆ ತಗ್ಗಿಸುವ ಮಸೂದೆಯಲ್ಲಿ ಹೊಸ ಖರ್ಚು ತುರುಕಲು ಆಗುವುದಿಲ್ಲ. ಹಾಗಾಗಿ ಸರ್ಕಾರದ ಜೇಬಿನಿಂದ ಒಂದು ಕಾಸೂ ಬಿಚ್ಚದ ಉಪಕಾರ ಮಾತ್ರ ಒಳಗೆ ಬಂತು. ಪಾಲಿಸದ ಕಂಪನಿಗೆ ಶಿಕ್ಷೆಯೂ ತೆರಿಗೆಯ ರೂಪದಲ್ಲೇ ಬಂತು. ಮೊದಲು ನೌಕರರ ವಿಮೆಗೆ ಮಾಡಿದ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಲು ಬಿಡುತ್ತಿರಲಿಲ್ಲ. 1988ರಲ್ಲಿ ಅದನ್ನು ತೆಗೆದು ಒಬ್ಬರಿಗೆ ದಿನಕ್ಕೆ 100 ಡಾಲರ್‌ನ ತೆರಿಗೆ ಹಾಕಿದರು. ಬಜೆಟ್ ಕಾನೂನಿನ ಹೊಟ್ಟೆಯಲ್ಲಿ ಹುಟ್ಟಿದ ಕೂಸು ಬಜೆಟ್ಟಿನ ಗುಣವನ್ನೇ ಪಡೆದುಕೊಂಡಿತು.

ಮುಂದೆ ಎರಡು ಸಲ ಸರ್ಕಾರ ತನ್ನ ಕೈಯಿಂದ ದುಡ್ಡು ಹಾಕಿತು. 2009ರ ಆರ್ಥಿಕ ಕುಸಿತದಲ್ಲಿ ಶೇ. 65, ಕೋವಿಡ್ ಕಾಲದಲ್ಲಿ, 2021ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಪೂರ್ತಿ ನೂರು. ಕೆಲಸ ಹೋದವರ ಮಟ್ಟಿಗೆ ಕೋಬ್ರಾ ನಿಜಕ್ಕೂ ಉಪಕಾರವಾದದ್ದು ಆಗ ಮಾತ್ರ ಅನ್ನಬಹುದು.

ಫ್ರಿಜ್ ಮೇಲಿನ ಎರಡು ತಾರೀಖು

ಗೆಳೆಯನ ಮನೆಗೆ ಬರುತ್ತೇನೆ. ಅವನ ಫ್ರಿಜ್ ಬಾಗಿಲ ಮೇಲೆ ಒಂದು ಹಳದಿ ಚೀಟಿ ಅಂಟಿಸಿತ್ತು. ‘ಏಪ್ರಿಲ್ 1 – ವೀಸಾ. ಏಪ್ರಿಲ್ 15 – ಹಾವು.’ ಬರೆದದ್ದು ಅವನ ಹೆಂಡತಿ.

ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ದಾರಿ ನೋಡಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕೋಬ್ರಾ ಬೇಕೋ ಬೇಡವೋ ಹೇಳಲೂ 60 ದಿನ. ಆದರೆ ಇದರ ಲೆಕ್ಕ ವಿಮೆ ಮುಗಿದ ದಿನದಿಂದ ಅಥವಾ ಕಾಗದದ ತಾರೀಖಿನಿಂದ, ಯಾವುದು ಆಮೇಲಿನದೋ ಅದರಿಂದ. ಎರಡು ಗಡಿಯಾರ, ಒಂದಕ್ಕೊಂದು ಸಂಬಂಧವಿಲ್ಲ, ಎರಡೂ ಒಂದೇ ಅಡುಗೆಮನೆಯಲ್ಲಿ ಟಿಕ್ ಟಿಕ್ ಅನ್ನುತ್ತಿದ್ದವು.

ಈ 60 ದಿನದಲ್ಲಿ ಒಂದು ಚಂದದ ಸಂದಿ ಇದೆ. ಇದನ್ನು ದೇಸಿ ವಾಟ್ಸಾಪ್ ಗುಂಪುಗಳಲ್ಲಿ ಗುಟ್ಟಿನ ಹಾಗೆ ಹಂಚಿಕೊಳ್ಳುತ್ತಾರೆ. ನಿಜವಾಗಿ ಗುಟ್ಟೇನಲ್ಲ, ಕಾನೂನಿನಲ್ಲೇ ಇದೆ. 59ನೇ ದಿನ “ಬೇಕು” ಅಂದರೂ ವಿಮೆ ಮೊದಲ ದಿನದಿಂದಲೇ ಜಾರಿಯಾಗುತ್ತದೆ. ಹಿಂದಿನ ತಿಂಗಳುಗಳ ಪ್ರೀಮಿಯಂ ಕಟ್ಟಬೇಕು ಅಷ್ಟೇ. ಮೊದಲ ಕಂತು ಕಟ್ಟಲೂ ಇನ್ನೂ 45 ದಿನ ಕೊಡುತ್ತಾರೆ. ಅಂದರೆ ಸುಮ್ನೆ ಕೂತು ನೋಡಬಹುದು. ಏನೂ ಆಗದಿದ್ದರೆ ದುಡ್ಡು ಉಳಿಯಿತು. ಏನಾದರೂ ಆದರೆ ಆಗ ಕೈ ಎತ್ತಬಹುದು.

ಇವರೂ ಕೂತು ನೋಡಿದರು. ಮಾರ್ಚ್ 8ರ ಶನಿವಾರ ಮಗಳು ಪಾರ್ಕಿನ ಜೋತುಬೀಳುವ ಕಂಬಿಯಿಂದ ಬಿದ್ದಳು. ಮೊಣಕೈ ಮುರಿಯಿತು. ಎಮರ್ಜೆನ್ಸಿಗೆ ಓಡಿದರು, ರಾತ್ರಿಯೇ ಆಪರೇಷನ್ ಮಾಡಿ ಪಿನ್ ಹಾಕಿದರು. ಆಸ್ಪತ್ರೆಯ ಕೌಂಟರಿನಲ್ಲಿ ವಿಮೆಯ ಕಾರ್ಡ್ ಕೇಳಿದಾಗ ಗೆಳೆಯ ಹಳೇ ಕಾರ್ಡನ್ನೇ ಕೊಟ್ಟು, “ಕೋಬ್ರಾ ಆಗ್ತಾ ಇದೆ” ಅಂದನಂತೆ. ಆ ಹುಡುಗಿ ತಲೆ ಎತ್ತದೆ “ಸರಿ” ಅಂತ ಟೈಪ್ ಮಾಡಿಕೊಂಡಳು. ದಿನಾ ಕೇಳುವ ಮಾತು ಇರಬೇಕು. ಸೋಮವಾರ ಅರ್ಜಿ ಹಾಕಿದ. ಫೆಬ್ರುವರಿ, ಮಾರ್ಚ್ ಎರಡು ತಿಂಗಳಿಗೆ 3,960 ಡಾಲರ್ ಕಟ್ಟಿದ. ಮಾರ್ಚ್ ಕೊನೇ ವಾರ ಹೊಸ ಕೆಲಸ ಸಿಕ್ಕಿತು, ಏಪ್ರಿಲ್ 1ರಿಂದ ಹೊಸ ವಿಮೆ. ಆಸ್ಪತ್ರೆಯ ಮೂಲ ಬಿಲ್ಲು ಬಂದಾಗ ಅದರಲ್ಲಿ ಹತ್ತಾರು ಸಾವಿರ ಡಾಲರ್ ಇತ್ತು. ಇವನು ಕಟ್ಟಿದ್ದು ಅದರ ಒಂದು ಚೂರು.

ಅವನ ಮಟ್ಟಿಗೆ ಇದು ಸುಖಾಂತ್ಯ. ಆದರೆ ವಿಮೆಯ ಲೆಕ್ಕಕ್ಕೆ ಇದೇ ತಲೆನೋವು. ಆರೋಗ್ಯವಾಗಿರುವವರು ಕಾಯುತ್ತಾರೆ, ಕಾಯಿಲೆ ಬಿದ್ದವರು ಸೇರುತ್ತಾರೆ. ಹೀಗೆ ಸೇರಿದವರ ಖರ್ಚು ಶೇ. 102ಕ್ಕಿಂತ ಎಷ್ಟೋ ಜಾಸ್ತಿ ಅಂತ ಕಂಪನಿಗಳು ಮೊದಲಿನಿಂದ ಗೊಣಗುತ್ತಲೇ ಇವೆ. ಆ ಗೊಣಗಾಟದಲ್ಲಿ ಸುಳ್ಳಿಲ್ಲ.

ಆಸ್ಪತ್ರೆ ಬಾಗಿಲು

ಗೆಳೆಯ ಆ ಹಳೇ ಕಾರ್ಡ್ ತೋರಿಸದಿದ್ದರೂ ಆ ಮಗುವನ್ನು ನೋಡಲೇಬೇಕಿತ್ತು. ವಿಮೆ ಇದೆಯಾ, ವೀಸಾ ಇದೆಯಾ, ದುಡ್ಡಿದೆಯಾ ಅಂತ ಕೇಳಿ ವಾಪಸು ಕಳಿಸುವ ಹಾಗಿಲ್ಲ. ಆ ನಿಯಮ ಬಂದದ್ದೂ ಇದೇ ಕೋಬ್ರಾ ಬಸ್ಸಿನಲ್ಲಿ. ಈಗ ಅದನ್ನು ‘ಎಮ್ಟಾಲಾ’ ಅನ್ನುತ್ತಾರೆ. ನನ್ನ ಪ್ರಕಾರ ಇಡೀ ಕಾನೂನಿನಲ್ಲಿ ತೂಕದ ಭಾಗ ಇದೇ.

ಆ ಕಾಲದಲ್ಲಿ ಖಾಸಗಿ ಆಸ್ಪತ್ರೆಗಳು ದುಡ್ಡಿಲ್ಲದ ರೋಗಿಗಳನ್ನು ಆಂಬುಲೆನ್ಸ್‌ಗೆ ಹಾಕಿ ಸರ್ಕಾರಿ ಆಸ್ಪತ್ರೆಗೆ ಸಾಗಿಸುತ್ತಿದ್ದವು. ಅದಕ್ಕೆ ‘ರೋಗಿ ಸುರಿಯುವುದು’ ಅಂತಲೇ ಹೆಸರಾಗಿತ್ತು, ಕಸ ಸುರಿದ ಹಾಗೆ. ಶಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯ ವೈದ್ಯರು ಹಾಗೆ ಬಂದ 467 ರೋಗಿಗಳ ಲೆಕ್ಕ ತೆಗೆದು 1986ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ಶೇ. 87 ಜನರನ್ನು ಕಳಿಸಿದ್ದಕ್ಕೆ ಕಾರಣ ವಿಮೆ ಇಲ್ಲದ್ದು. ಸುಮಾರು ಕಾಲು ಭಾಗ ಜನ ಸಾಗಿಸುವ ಸ್ಥಿತಿಯಲ್ಲೇ ಇರಲಿಲ್ಲ. ಆ ಏಪ್ರಿಲ್‌ನಲ್ಲಿ ರೇಗನ್ ಸಹಿ ಬಿತ್ತು.

ಎಮ್ಟಾಲಾ ಹೇಳುವುದು ಸರಳ. ಮೆಡಿಕೇರ್ ದುಡ್ಡು ಪಡೆಯುವ ಆಸ್ಪತ್ರೆಯಲ್ಲಿ ತುರ್ತು ವಿಭಾಗ ಇದ್ದರೆ, ಬಂದವರನ್ನು ಪರೀಕ್ಷೆ ಮಾಡಬೇಕು. ಅಪಾಯವಿದ್ದರೆ, ಅಥವಾ ಹೆರಿಗೆ ನೋವು ಶುರುವಾಗಿದ್ದರೆ, ಸ್ಥಿತಿ ಹತೋಟಿಗೆ ತರಬೇಕು. ಅದು ತನ್ನ ಕೈಲಾಗದಿದ್ದರೆ ಸರಿಯಾದ ಕಾರಣ ಬರೆದು, ಆ ಕಡೆಯವರು ಒಪ್ಪಿದ ಮೇಲೆ ಕಳಿಸಬೇಕು. ಬಜೆಟ್ಟಿಗೆ ಇದರ ನಂಟು ‘ಮೆಡಿಕೇರ್ ದುಡ್ಡು’ ಅನ್ನುವ ಆ ಎರಡು ಪದ ಮಾತ್ರ. ಮೆಡಿಕೇರ್ ಬಿಟ್ಟು ಬದುಕುವ ಆಸ್ಪತ್ರೆ ಎಲ್ಲಿದೆ? ಹಾಗಾಗಿ ಹೆಚ್ಚುಕಡಿಮೆ ಎಲ್ಲವೂ ಸಿಕ್ಕಿಬಿದ್ದವು.

ಇದು ಜಾರಿಗೆ ಬಂದ ಕೆಲವೇ ತಿಂಗಳಲ್ಲಿ ಟೆಕ್ಸಸ್‌ನ ವಿಕ್ಟೋರಿಯಾ ಎಂಬ ಊರಿನಲ್ಲಿ ಒಂದು ಘಟನೆ ನಡೆಯಿತು. 1986ರ ಡಿಸೆಂಬರ್ 5ರ ಸಂಜೆ. ಆರನೇ ಹೆರಿಗೆಗೆ ಬಂದಿದ್ದ ಹೆಂಗಸು. ಅಲ್ಲಿಯವರೆಗೆ ಯಾವ ಡಾಕ್ಟರಿಗೂ ತೋರಿಸಿರಲಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ. ಬಿಪಿ 210/130. ಪಾಳಿಯಲ್ಲಿದ್ದ ವೈದ್ಯ ಅವಳನ್ನು ಸುಮಾರು 270 ಕಿ.ಮೀ. ದೂರದ ಗಾಲ್ವೆಸ್ಟನ್‌ಗೆ ಕಳಿಸಿ ಅಂದ. ನರ್ಸ್ ಹೊಸ ಕಾನೂನಿನ ಕಾಗದ ತಂದು ಮುಂದೆ ಹಿಡಿದಳು. ಕಳಿಸುವುದರಿಂದ ಆಗುವ ಲಾಭ ಅಪಾಯ ಬರೆಯಬೇಕಾದ ಆ ಕಾಗದಕ್ಕೆ ಅವನು ಸಹಿ ಹಾಕಿದ; ತನ್ನ ವೃತ್ತಿ ವಿಮೆಯ ದುಡ್ಡು ಆಸ್ಪತ್ರೆ ಕಟ್ಟುವ ತನಕ ಯಾರಿಗೆ ಚಿಕಿತ್ಸೆ ಕೊಡಬೇಕೆಂದು ತಾನೇ ಆರಿಸಿಕೊಳ್ಳುತ್ತೇನೆ ಅನ್ನುವ ಅರ್ಥದಲ್ಲಿ ನರ್ಸ್‌ಗೆ ಹೇಳಿದ. ಆಂಬುಲೆನ್ಸ್ ಸುಮಾರು 65 ಕಿ.ಮೀ. ಹೋಗುವಷ್ಟರಲ್ಲಿ ಮಗು ಹುಟ್ಟಿತು, ದಾರಿಯಲ್ಲೇ, ಜೊತೆಗಿದ್ದ ನರ್ಸ್ ಕೈಯಲ್ಲಿ. ಪುಣ್ಯಕ್ಕೆ ಆರೋಗ್ಯವಾಗಿತ್ತು. ವೈದ್ಯನಿಗೆ 20,000 ಡಾಲರ್ ದಂಡ ಬಿತ್ತು. 1991ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಇಲ್ಲೂ ಅದೇ ಬಜೆಟ್ ಗುಣ. ಆಸ್ಪತ್ರೆಗೆ ಕರ್ತವ್ಯ ಹೇರಿದರು, ಅದಕ್ಕೆ ತಗಲುವ ದುಡ್ಡು ಕೊಡಲಿಲ್ಲ. ರೋಗಿಗೆ ಚಿಕಿತ್ಸೆಯ ಹಕ್ಕು ಕೊಟ್ಟರು, ಬಿಲ್ಲಿನಿಂದ ಬಿಡುಗಡೆ ಕೊಡಲಿಲ್ಲ. ಅಮೆರಿಕಕ್ಕೆ ಬರುವ ನಮ್ಮ ಅಪ್ಪ-ಅಮ್ಮಂದಿರ ವಿಚಾರದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಎದೆನೋವು ಅಂದರೂ “ಬೇಡಪ್ಪ, ಬೆಂಗಳೂರಿಗೆ ಹೋಗಿ ತೋರಿಸ್ತೀನಿ” ಅನ್ನುವ ತಂದೆಯರು ಎಷ್ಟು ಜನ. ಅವರ ಭಯ ಬಾಗಿಲದಲ್ಲ, ಆರು ವಾರ ಬಿಟ್ಟು ಅಂಚೆಯಲ್ಲಿ ಬರುವ ಲಕೋಟೆಯದು. ಆದರೂ ಎದೆನೋವಿಗೆ ಕಾಯಬೇಡಿ. ಬಾಗಿಲು ತೆರೆದೇ ಇರುತ್ತದೆ, ಬಿಲ್ಲಿನ ಚೌಕಾಸಿ ಆಮೇಲೆ ಮಾಡಬಹುದು.

ನಮ್ಮ ದೇಶದಲ್ಲಿ ಇದೇ ಮಾತನ್ನು ಹೇಳಿದ್ದು ಸುಪ್ರೀಂ ಕೋರ್ಟ್, 1989ರಲ್ಲಿ, ಪರಮಾನಂದ ಕಟಾರ ಪ್ರಕರಣದಲ್ಲಿ. ಗಾಯಗೊಂಡು ಬಂದವರಿಗೆ ಪೊಲೀಸ್ ಕಾಗದಕ್ಕೆ ಕಾಯದೆ ಚಿಕಿತ್ಸೆ ಕೊಡಿ ಅಂತ. ನಮ್ಮಲ್ಲಿ ನ್ಯಾಯಾಲಯ ಹೇಳಿತು, ಅವರಲ್ಲಿ ಬಜೆಟ್ ಹೇಳಿತು.

ಎಮ್ಟಾಲಾ ಬಗ್ಗೆ ಸದನದಲ್ಲಿ ಆಗ ಹೆಚ್ಚು ಮಾತೇ ನಡೆಯಲಿಲ್ಲ. ಅದರ ಬೆಲೆ ಆಮೇಲೆ ತಿಳಿಯಿತು. 2022ರಲ್ಲಿ ಗರ್ಭಪಾತದ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ ತೆಗೆದುಹಾಕಿದ ಮೇಲೆ, ಐಡಹೊ ರಾಜ್ಯದ ಕಟ್ಟುನಿಟ್ಟಿನ ನಿಷೇಧಕ್ಕೂ ಎಮ್ಟಾಲಾಗೂ ತಿಕ್ಕಾಟವಾಯಿತು. ಗರ್ಭಿಣಿಯ ಆರೋಗ್ಯ ಹದಗೆಡುತ್ತಿದ್ದರೆ ವೈದ್ಯರು ಯಾವ ಕಾನೂನು ಪಾಲಿಸಬೇಕು? ಐಡಹೊ ವಿರುದ್ಧ ಕೇಂದ್ರ ಸರ್ಕಾರ ಹೂಡಿದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2024ರ ಜೂನ್‌ನಲ್ಲಿ ಕೋರ್ಟು ಮೂಲ ಪ್ರಶ್ನೆಗೆ ಉತ್ತರ ಕೊಡದೆ ಅದನ್ನು ವಾಪಸು ಕಳಿಸಿತು. ಮುಂದಿನ ಮಾರ್ಚ್‌ನಲ್ಲಿ ಟ್ರಂಪ್ ಅವರ ಹೊಸ ಸರ್ಕಾರ ಆ ಮೊಕದ್ದಮೆಯನ್ನೇ ಕೈಬಿಟ್ಟಿತು. ಸಿಗರೇಟು ತೆರಿಗೆಯ ಪಕ್ಕದಲ್ಲಿ ಕೂತು ಬಂದ ಒಂದು ಕಲಂ, 38 ವರ್ಷದ ನಂತರ ದೇಶದ ಅತಿ ಬಿಸಿ ಜಗಳದ ನಡುವೆ ನಿಂತಿತ್ತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದೆ ಅನ್ನುತ್ತಾರೆ. ಇಲ್ಲಿ ಹೂವು ಬಾಡಿ ಎಷ್ಟೋ ವರ್ಷವಾಗಿದೆ, 1986ರ ಕೊರತೆಯ ಲೆಕ್ಕ ಈಗ ಯಾರಿಗೆ ಬೇಕು? ನಾರು ಮಾತ್ರ ಗಟ್ಟಿಯಾಗಿದೆ.

ಬಾಗಿಲಿಗೆ ಚಿಲಕ

ಇದೇ ಕಾನೂನಿನಲ್ಲಿ ಇನ್ನೊಂದು ಕಲಂ ಇದೆ. ಅದನ್ನು ಓದಿದಾಗ ನನಗೆ ನಗು ಬಂತು.

ವೆಸ್ಟ್ ವರ್ಜೀನಿಯಾದ ರಾಬರ್ಟ್ ಬರ್ಡ್ ಆಗ ಸೆನೆಟ್‌ನಲ್ಲಿ ಅಲ್ಪಸಂಖ್ಯಾತ ಡೆಮಾಕ್ರಾಟರ ನಾಯಕರು. ಸದನದ ನಿಯಮಗಳನ್ನು ಬಾಯಿಪಾಠ ಮಾಡಿದ್ದ ಮನುಷ್ಯ. ಈ ಮಸೂದೆ ಕೈಗೆ ಬಂದಾಗ ಅವರು ಎಣಿಸಿದರು. ಕೊರತೆಗೆ ಸಂಬಂಧವೇ ಇಲ್ಲದ 122 ವಿಷಯಗಳು ಒಳಗಿವೆ ಅಂದರು. ಹೀಗೇ ಬಿಟ್ಟರೆ ಯಾವುದನ್ನು ಬೇಕಾದರೂ ಬಜೆಟ್ ಅಂತ ಹೆಸರಿಟ್ಟು ಇಪ್ಪತ್ತು ಗಂಟೆಯಲ್ಲಿ ಪಾಸು ಮಾಡಿಕೊಂಡು ಹೋಗುತ್ತಾರೆ, ಸೆನೆಟ್ ಯಾಕೆ ಬೇಕು ಅನ್ನುವುದು ಅವರ ವಾದ. 1985ರ ಅಕ್ಟೋಬರ್ 24ರಂದು ಅವರ ತಿದ್ದುಪಡಿ 96-0 ಮತದಲ್ಲಿ ಪಾಸಾಯಿತು. ಬಜೆಟ್ ಮೇಲೆ ಪರಿಣಾಮವಿಲ್ಲದ, ಅಥವಾ ಇದ್ದರೂ ನೆಪಮಾತ್ರಕ್ಕೆ ಇರುವ ಕಲಮನ್ನು ಯಾವ ಸೆನೆಟರ್ ಬೇಕಾದರೂ ಪ್ರಶ್ನಿಸಬಹುದು. ಅದನ್ನು ಉಳಿಸಿಕೊಳ್ಳಲು 60 ಮತ ಬೇಕು. ಇದೇ ‘ಬರ್ಡ್ ನಿಯಮ’. ಮೊದಲು ತಾತ್ಕಾಲಿಕವಾಗಿತ್ತು, 1990ರಲ್ಲಿ ಕಾಯಂ ಆಯಿತು. ಹೌದು, ಸಿಗರೇಟು ತೆರಿಗೆಯ ಹಾಗೆಯೇ.

ಅಂದರೆ ಬಸ್ಸಿಗೆ ಸಾಮಾನು ಹೇರುವುದನ್ನು ನಿಲ್ಲಿಸುವ ನಿಯಮ ಅದೇ ಬಸ್ಸಿನ ಮೇಲೆ ಹೇರಿಕೊಂಡು ಬಂತು. ಇವತ್ತಿನ ಬರ್ಡ್ ನಿಯಮದ ಕೈಗೆ ಸಿಕ್ಕಿದ್ದರೆ ಎಮ್ಟಾಲಾ ದಾಟುತ್ತಿತ್ತೇ? ನನಗೆ ಅನುಮಾನ. ವಿಮೆಯ ಕಲಂ ತೆರಿಗೆಯ ಹಗ್ಗ ಹಿಡಿದುಕೊಂಡಿತ್ತು, ಅದರ ಪರವಾಗಿ ಒಂದಿಷ್ಟು ವಾದ ಮಾಡಬಹುದಿತ್ತೋ ಏನೋ.

ಈಗ ಪ್ರತಿ ದೊಡ್ಡ ಬಜೆಟ್ ಮಸೂದೆಯೂ ಈ ಜರಡಿಯಲ್ಲಿ ಬೀಳುತ್ತದೆ. ವಾಷಿಂಗ್ಟನ್‌ನಲ್ಲಿ ಇದಕ್ಕೆ ‘ಬರ್ಡ್ ಸ್ನಾನ’ ಅನ್ನುತ್ತಾರೆ. 2021ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಈ ಸ್ನಾನದಲ್ಲಿ ತೊಳೆದುಹೋಯಿತು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಭಾರೀ ಮಸೂದೆಯೂ ರಿಕನ್ಸಿಲಿಯೇಷನ್ ದಾರಿಯಲ್ಲೇ ಬಂದದ್ದು. ಸೆನೆಟ್‌ನಲ್ಲಿ 51-50, ಉಪಾಧ್ಯಕ್ಷ ವ್ಯಾನ್ಸ್ ಬಂದು ಮತ ಹಾಕಬೇಕಾಯಿತು. ಬಂದೂಕಿನ ಸದ್ದಡಗಿಸುವ ಸಾಧನಗಳ ನೋಂದಣಿಯನ್ನೇ ತೆಗೆದುಹಾಕಲು ಹೊರಟಿದ್ದರು. ಜರಡಿಯಲ್ಲಿ ಅದು ನಿಲ್ಲಲಿಲ್ಲ. 200 ಡಾಲರ್ ತೆರಿಗೆ ಸೊನ್ನೆಯಾಯಿತು, ನೋಂದಣಿ ಉಳಿಯಿತು. ತೆರಿಗೆ ಬಜೆಟ್ಟು, ನೋಂದಣಿ ಬಜೆಟ್ಟಲ್ಲ. ಇನ್ನೂ ತಮಾಷೆಯೆಂದರೆ, ಟ್ರಂಪ್ ಹೋದಲ್ಲೆಲ್ಲ ಹೇಳಿಕೊಂಡು ಬಂದ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಅನ್ನುವ ಹೆಸರನ್ನೇ ಡೆಮಾಕ್ರಾಟರ ನಾಯಕ ಚಕ್ ಶೂಮರ್ ಇದೇ ನಿಯಮ ಹಿಡಿದು ತೆಗೆಸಿದರು. ಹೆಸರಿನಿಂದ ಬಜೆಟ್ಟಿಗೆ ಏನು ಪರಿಣಾಮ? ಜನ ಅದೇ ಹೆಸರಿನಲ್ಲಿ ಕರೆಯುತ್ತಾರೆ, ಕಾನೂನಿನ ಪುಟದಲ್ಲಿ ಅದಿಲ್ಲ.

ಆ ಮಸೂದೆಯಲ್ಲಿ ನಮ್ಮವರ ನಿದ್ದೆ ಕೆಡಿಸಿದ್ದು ಊರಿಗೆ ಕಳಿಸುವ ದುಡ್ಡಿನ ಮೇಲಿನ ತೆರಿಗೆ. ಅಮೆರಿಕದ ಪೌರರಲ್ಲದವರ ಮೇಲೆ ಶೇ. 5 ಅಂತ ಶುರುವಾಗಿ, ಕೆಳಮನೆಯಲ್ಲಿ 3.5 ಆಗಿ, ಕೊನೆಗೆ ಶೇ. 1ಕ್ಕೆ ನಿಂತಿತು. ಅದೂ ನಗದು ಅಥವಾ ಅಂಥದ್ದರಲ್ಲಿ ಕಳಿಸಿದರೆ ಮಾತ್ರ. ಬ್ಯಾಂಕ್ ಖಾತೆಯಿಂದ ಕಳಿಸುವವರಿಗೆ ಏನೂ ಇಲ್ಲ.

ನಮ್ಮಲ್ಲಿ ಇಂಥ ಜರಡಿ ಇಲ್ಲ. ಮಸೂದೆಯೊಂದು ಹಣಕಾಸು ಮಸೂದೆ (ಮನಿ ಬಿಲ್) ಹೌದೋ ಅಲ್ಲವೋ ಅನ್ನುವುದನ್ನು ಲೋಕಸಭೆಯ ಸ್ಪೀಕರ್ ಹೇಳುತ್ತಾರೆ. ಹೌದು ಅಂದರೆ ರಾಜ್ಯಸಭೆಗೆ ಸಲಹೆ ಕೊಡುವುದಷ್ಟೇ ಕೆಲಸ. ಆಧಾರ್ ಆ ದಾರಿಯಲ್ಲಿ ಬಂತು. ಚುನಾವಣಾ ಬಾಂಡ್, ನ್ಯಾಯಮಂಡಳಿಗಳ ಬದಲಾವಣೆ 2017ರ ಹಣಕಾಸು ಕಾಯ್ದೆಯಲ್ಲಿ ಬಂದವು. ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಮೊದಲಿಗರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಹಣಕಾಸು ಮಸೂದೆಯೇ ಅಂತ 2018ರಲ್ಲಿ ಬಹುಮತದ ತೀರ್ಪು ಬಂತು. ನನಗೆ ಆ ತೀರ್ಪಿಗಿಂತ ನ್ಯಾಯಮೂರ್ತಿ ಚಂದ್ರಚೂಡ್ ಅವರ ಭಿನ್ನಮತವೇ ಸರಿ ಅನ್ನಿಸುತ್ತದೆ. ಅದು ಬೇರೆಯೇ ಬರಹದ ಮಾತು.

ವಾಪಸು ಟಿಕೆಟ್

ಮೇ ತಿಂಗಳಲ್ಲಿ ಗೆಳೆಯನ ಅಮ್ಮ ಮೈಸೂರಿಗೆ ಹೊರಟರು. ಮೊಮ್ಮಗಳ ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿ ಆಗಲೇ ಒಂದು ತಿಂಗಳಾಗಿತ್ತು. ಹಿಂದಿನ ದಿನ ಅವನು ಟಿಕೆಟ್ಟಿನ ಪ್ರಿಂಟ್ ತೆಗೆದು ಸೂಟ್‌ಕೇಸಿನ ಮೇಲೆ ಇಟ್ಟ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಟಿಕೆಟ್ ದರದ ಕೆಳಗೆ ತೆರಿಗೆಗಳ ದೊಡ್ಡ ಪಟ್ಟಿ. ಅದರ ನಡುವೆ ‘ವೈಸಿ’ ಅಂತ ಎರಡೇ ಅಕ್ಷರ, ಮುಂದೆ ಏಳು ಡಾಲರ್ ಆಸುಪಾಸಿನ ಒಂದು ಮೊತ್ತ.

“ಇದೇನೋ ಇದು?”

ಅವನಿಗೆ ಗೊತ್ತಿರಲಿಲ್ಲ, ನನಗೆ ಫೋನ್ ಮಾಡಿದ. ಹೊರದೇಶದಿಂದ ಅಮೆರಿಕಕ್ಕೆ ಬಂದಿಳಿಯುವವರಿಂದ ತೆಗೆದುಕೊಳ್ಳುವ ಕಸ್ಟಮ್ಸ್ ಶುಲ್ಕ ಅದು. 1986ರಲ್ಲಿ ಐದು ಡಾಲರ್ ಇತ್ತು. ಯಾವ ಕಾನೂನಿನಲ್ಲಿ ಬಂತು ಅಂತ ಹೇಳಿದೆ. ಆ ಕಡೆ ಅವನು ಅಮ್ಮನಿಗೆ ಹೇಳುವುದು ಕೇಳಿಸಿತು.

“ಬರೋವಾಗ್ಲೇ ಕಚ್ಚಿತ್ತು ಅನ್ನು,” ಅಂದರು ಅಮ್ಮ.